ಪಾರಿವಾಳದಿಂದ ಎಚ್ಚರಿಕೆ ಗಂಟೆಯವರೆಗೆ

ಷೇರು ಪೇಟೆಯಲ್ಲಿ ಗಳಿಸಿದವನಿಗೂ ಕಳೆದುಕೊಂಡವನಿಗೂ ನಡುವಿನ ವ್ಯತ್ಯಾಸ ಎಷ್ಟೋ ಸಲ ಬುದ್ಧಿಯದಲ್ಲ, ಸಮಯದ್ದು. ದರ ಬದಲಾದ ಸುದ್ದಿ ಯಾರಿಗೆ ಮೊದಲು ಮುಟ್ಟಿತು ಎಂಬುದೇ ಅಲ್ಲಿ ಮುಖ್ಯ. ಇಂದು ಮನೆಯ ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶದಲ್ಲಿ ಅಥವಾ ಮೊಬೈಲ್ ಫೋನಿನಲ್ಲಿ ‘ಈ ಷೇರು 170 ರೂಪಾಯಿಗಿಂತ ಕೆಳಗಿಳಿದರೆ ನನಗೆ ತಿಳಿಸು’ ಎಂದು ನಮೂದಿಸಿಟ್ಟರೆ ಸಾಕು. ಆ ದರ ಬಂದಾಗ ಯಂತ್ರವೇ ಕರೆದು ಹೇಳುತ್ತದೆ. ನೋಡಲು ಸಣ್ಣದೆನಿಸುವ ಈ ಸೌಲಭ್ಯದ ಹಿಂದೆ ಒಂದೂಮುಕ್ಕಾಲು ಶತಮಾನದ ಕಥೆಯಿದೆ.

ಕಥೆ ಆರಂಭವಾಗುವುದು ಪಾರಿವಾಳಗಳಿಂದ. 1850ರಲ್ಲಿ ಬರ್ಲಿನ್‌ನಿಂದ ಆಕೆನ್‌ವರೆಗೆ ತಂತಿ ಮಾರ್ಗವಿತ್ತು. ಪ್ಯಾರಿಸ್‌ನಿಂದ ಬ್ರಸೆಲ್ಸ್‌ವರೆಗೆ ಇನ್ನೊಂದಿತ್ತು. ಆದರೆ ಆಕೆನ್ ಮತ್ತು ಬ್ರಸೆಲ್ಸ್ ನಡುವಿನ ಸುಮಾರು 120 ಕಿ.ಮೀ. ದೂರಕ್ಕೆ ತಂತಿ ಇರಲಿಲ್ಲ. ಪಾಲ್ ಜೂಲಿಯಸ್ ರಾಯಿಟರ್ ಈ ಅಂತರವನ್ನು ತುಂಬಲು ಪಾರಿವಾಳಗಳನ್ನು ಹಾರಿಸಿದ. ಪ್ಯಾರಿಸ್ ಪೇಟೆಯ ದರಗಳನ್ನು ಹೊತ್ತ ಹಕ್ಕಿಗಳು ರೈಲಿಗಿಂತ ಗಂಟೆಗಳಷ್ಟು ಮೊದಲೇ ಆಕೆನ್ ತಲುಪುತ್ತಿದ್ದವು. ಅಲ್ಲಿನ ವರ್ತಕರು ಹಣ ತೆತ್ತದ್ದು ಆ ಕೆಲವು ಗಂಟೆಗಳಿಗಾಗಿ. ತಂತಿ ಮಾರ್ಗ ಪೂರ್ಣಗೊಂಡಾಗ ಪಾರಿವಾಳಗಳಿಗೆ ಕೆಲಸ ತಪ್ಪಿತು. 1851ರಲ್ಲಿ ರಾಯಿಟರ್ ಲಂಡನ್‌ಗೆ ಹೋಗಿ ಸ್ಥಾಪಿಸಿದ ಕಚೇರಿಯೇ ಮುಂದೆ ಜಗತ್ಪ್ರಸಿದ್ಧ ಸುದ್ದಿಸಂಸ್ಥೆಯಾಯಿತು.

ದೂರದ ಸುದ್ದಿ ಪೇಟೆಯನ್ನು ಹೇಗೆ ಅಲುಗಾಡಿಸಬಲ್ಲದು ಎಂಬುದನ್ನು ಮುಂಬಯಿ 1865ರಲ್ಲಿ ಕಂಡಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಭಾರತದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆ ಹಣದ ಹೊಳೆಯಲ್ಲಿ ಬ್ಯಾಂಕುಗಳೂ ಸಮುದ್ರ ತುಂಬಿಸಿ ನೆಲ ಮಾಡುವ ಕಂಪೆನಿಗಳೂ ಹುಟ್ಟಿದವು. ಅವುಗಳ ಷೇರುಗಳು ಮುಖಬೆಲೆಯ ಹಲವು ಪಟ್ಟು ಏರಿದವು. ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಹತ್ತಿಯೂ ಷೇರುಗಳೂ ಒಟ್ಟಿಗೆ ನೆಲಕಚ್ಚಿದವು. ಈ ಏರಿಳಿತ ಕಂಡ ದಲ್ಲಾಳಿಗಳೇ 1875ರಲ್ಲಿ ಸಂಘ ಕಟ್ಟಿಕೊಂಡರು. ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರದ ಮೂಲ ಅದು.

ಈ ನಡುವೆ, 1867ರಲ್ಲಿ, ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಕ್ಯಾಲಹನ್ ಎಂಬಾತ ದರಗಳನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುವ ಯಂತ್ರ ರೂಪಿಸಿದ. ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದುದರಿಂದ ಅದಕ್ಕೆ ‘ಟಿಕರ್’ ಎಂಬ ಹೆಸರು ಬಂತು. ಥಾಮಸ್ ಎಡಿಸನ್ ಅದನ್ನು ಸುಧಾರಿಸಿ ಹೆಸರು ಮಾಡಿದ. ಅದುವರೆಗೆ ಚೀಟಿ ಹಿಡಿದು ಬೀದಿಯಲ್ಲಿ ಓಡುತ್ತಿದ್ದ ಹುಡುಗರ ಕೆಲಸವನ್ನು ಈ ಯಂತ್ರ ವಹಿಸಿಕೊಂಡಿತು.

ಆದರೆ ನಿಜವಾಗಿ ಬೇಕಾದ ದಿನವೇ ಟಿಕರ್ ಕೈಕೊಟ್ಟಿತು. 1929ರ ಅಕ್ಟೋಬರ್ 24ರಂದು ನ್ಯೂಯಾರ್ಕ್ ಪೇಟೆಯಲ್ಲಿ ಸುಮಾರು 1 ಕೋಟಿ 29 ಲಕ್ಷ ಷೇರುಗಳು ಕೈಬದಲಾದವು. ಪೇಟೆ ಮುಚ್ಚಿದ್ದು ಮಧ್ಯಾಹ್ನ 3ಕ್ಕೆ. ಟಿಕರ್ ದಿನದ ದರಗಳನ್ನು ಮುದ್ರಿಸಿ ಮುಗಿಸಿದ್ದು ಸಂಜೆ 7 ಗಂಟೆ ದಾಟಿದ ಮೇಲೆ. ತಮ್ಮ ಷೇರು ಯಾವ ದರದಲ್ಲಿದೆ ಎಂದು ತಿಳಿಯದೆ ಜನ ಕಂಗೆಟ್ಟು ಮಾರಿದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಟಿಕರ್‌ನ ಸುದ್ದಿ.

1960ರಲ್ಲಿ ಬಂದ ಕ್ವೋಟ್ರಾನ್ ಎಂಬ ಯಂತ್ರ ಇನ್ನೊಂದು ಹೆಜ್ಜೆ. ಕಾಗದದ ಪಟ್ಟಿ ಹೇಳಿದ್ದನ್ನೆಲ್ಲ ಓದುತ್ತ ಕೂರುವ ಬದಲು, ದಲ್ಲಾಳಿ ತನಗೆ ಬೇಕಾದ ಷೇರಿನ ಸಂಕೇತ ಒತ್ತಿ ಅದರ ದರವನ್ನಷ್ಟೇ ಕೇಳಬಹುದಿತ್ತು. ಆದರೂ ಕೇಳುವ ಕೆಲಸ ಮನುಷ್ಯನದೇ ಆಗಿತ್ತು.

ನಮ್ಮ ಕಡೆಯ ಸಾಮಾನ್ಯ ಹೂಡಿಕೆದಾರನಿಗೆ ಇಷ್ಟೂ ಇರಲಿಲ್ಲ. ಬೆಂಗಳೂರು ಷೇರು ವಿನಿಮಯ ಕೇಂದ್ರ 1963ರಲ್ಲಿ ಆರಂಭವಾಯಿತಾದರೂ (2014ರಲ್ಲಿ ಅದು ಷೇರು ಪೇಟೆಯ ಮಾನ್ಯತೆಯಿಂದ ಹೊರಬಂತು) ದೂರದ ಊರುಗಳವರಿಗೆ ದಿನಪತ್ರಿಕೆಯ ವಾಣಿಜ್ಯ ಪುಟವೇ ಗತಿ. ಅಲ್ಲಿ ಸಿಗುತ್ತಿದ್ದುದು ನಿನ್ನೆಯ ದರ. ದಲ್ಲಾಳಿಗೆ ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಅದೂ ಬದಲಾಗಿರುತ್ತಿತ್ತು. 1994ರ ನವೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಉಪಗ್ರಹ ಸಂಪರ್ಕದ ಮೂಲಕ ಷೇರು ವಹಿವಾಟು ಆರಂಭಿಸಿತು. ಮರುವರ್ಷ ಮುಂಬಯಿ ಕೇಂದ್ರವೂ ಕಂಪ್ಯೂಟರ್ ಪರದೆಗೆ ಬಂತು. 2000ದಲ್ಲಿ ಇಂಟರ್‌ನೆಟ್ ಮೂಲಕ ಷೇರು ಕೊಳ್ಳಲು, ಮಾರಲು ಸೆಬಿ ಅನುಮತಿ ನೀಡಿತು. ಮುಂಬಯಿಯ ದರ ಅದೇ ಕ್ಷಣದಲ್ಲಿ ಹಾವೇರಿಗೂ ಮುಟ್ಟುವಂತಾಯಿತು.

ಅಮೆರಿಕದಲ್ಲಿ ಅಷ್ಟರಲ್ಲಿ ಮನೆಯ ಕಂಪ್ಯೂಟರೇ ಗುಮಾಸ್ತನಾಗಿತ್ತು. ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ 1983ರಲ್ಲಿ ಸ್ಥಾಪಿಸಿದ ಇಂಟ್ಯೂಟ್ ಕಂಪೆನಿಯ ‘ಕ್ವಿಕನ್’ ತಂತ್ರಾಂಶ ಚೆಕ್‌ಬುಕ್ಕಿನ ಲೆಕ್ಕದಿಂದ ಆರಂಭಿಸಿ ಷೇರುಗಳ ಲೆಕ್ಕಕ್ಕೂ ಬೆಳೆಯಿತು. ಮೈಕ್ರೋಸಾಫ್ಟ್ 1991ರಲ್ಲಿ ‘ಮನಿ’ ಎಂಬ ಪ್ರತಿಸ್ಪರ್ಧಿಯನ್ನು ತಂದಿತು. 2009ರಲ್ಲಿ ಅದರ ಮಾರಾಟ ನಿಲ್ಲಿಸಿತು. ದೂರವಾಣಿ ತಂತಿಯ ಮೂಲಕ ದರಗಳನ್ನು ತರಿಸಿಕೊಳ್ಳುವುದು ಸಾಧ್ಯವಾದ ಮೇಲೆ ಇಂಥ ತಂತ್ರಾಂಶಗಳಿಗೆ ಎಚ್ಚರಿಕೆ ಗಂಟೆಯೂ ಸೇರಿತು.

ಅದರ ಕೆಲಸ ಸರಳ. ನೀವು 200 ರೂಪಾಯಿಗೆ ಕೊಂಡ ಷೇರಿಗೆ 170ರ ಕೆಳಮಿತಿಯನ್ನೂ 260ರ ಮೇಲ್ಮಿತಿಯನ್ನೂ ಬರೆದಿಡುತ್ತೀರಿ. ಹೊಸ ದರ ಬಂದಾಗಲೆಲ್ಲ ತಂತ್ರಾಂಶ ಈ ಎರಡು ಅಂಕಿಗಳೊಂದಿಗೆ ಹೋಲಿಸಿ, ಗೆರೆ ದಾಟಿದ್ದರೆ ಹೇಳುತ್ತದೆ. ಹೊಸ ದರ ಬರದಿದ್ದರೆ ಗಂಟೆಯೂ ಇಲ್ಲ. ಮನೆಯ ಕಂಪ್ಯೂಟರ್ ಮುಚ್ಚಿದ್ದರೆ ಅದರೊಳಗಿನ ಕಾವಲುಗಾರನೂ ಮಲಗಿದಂತೆಯೇ. ಇನ್ನು, ಕಂಪೆನಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ದರ ಸುಮಾರು ಅರ್ಧಕ್ಕಿಳಿಯುತ್ತದೆ. ಷೇರುಗಳು ಇಮ್ಮಡಿಯಾಗಿ ನಷ್ಟವೇನೂ ಆಗಿರುವುದಿಲ್ಲ, ಆದರೂ ಹಳೆಯ ಮಿತಿಯನ್ನು ತಿದ್ದದಿದ್ದರೆ ಗಂಟೆ ಬಾರಿಸುತ್ತದೆ. ಮಿತಿಗಳನ್ನು ದರಕ್ಕೆ ತೀರ ಹತ್ತಿರ ಇಟ್ಟವರಿಗೆ ಅದು ದಿನವೂ ಬಾರಿಸುತ್ತದೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಮಾತಿನಂತೆ ಕೊನೆಗೆ ಯಾರೂ ಕಿವಿಗೊಡುವುದಿಲ್ಲ.

ಎಚ್ಚರಿಕೆ ಕೊಡುವುದಕ್ಕೂ ತಾನೇ ಮಾರಿಬಿಡುವುದಕ್ಕೂ ವ್ಯತ್ಯಾಸವಿದೆ. ಇಂತಿಷ್ಟು ಇಳಿದರೆ ಮಾರಿಬಿಡು ಎಂದು ಮೊದಲೇ ಆದೇಶ ಕೊಟ್ಟಿಡುವ ಪದ್ಧತಿಯೂ ಇದೆ. 2010ರ ಮೇ 6ರಂದು ಅಮೆರಿಕದ ಪೇಟೆ ನಿಮಿಷಗಳಲ್ಲಿ ಕುಸಿದು ಚೇತರಿಸಿಕೊಂಡಾಗ ಹೆಸರಾಂತ ಕಂಪೆನಿಯ ಷೇರು ಕೂಡ ಒಂದು ಸೆಂಟ್‌ಗೆ ಮಾರಾಟವಾಯಿತು. 2012ರ ಅಕ್ಟೋಬರ್ 5ರಂದು ದಲ್ಲಾಳಿ ಸಂಸ್ಥೆಯೊಂದರ ತಪ್ಪು ಆದೇಶಗಳಿಂದ ನಿಫ್ಟಿ ಸೂಚ್ಯಂಕ ಸುಮಾರು 900 ಅಂಶ ಕುಸಿದು ವಹಿವಾಟು ಸುಮಾರು 15 ನಿಮಿಷ ನಿಂತಿತ್ತು. ಇಂಥ ಗಳಿಗೆಯಲ್ಲಿ ಮಾರುವ ಆದೇಶ ಹಿಂದೆಮುಂದೆ ನೋಡುವುದಿಲ್ಲ. ಗಂಟೆ ಮಾತ್ರ ಮಾಲೀಕನನ್ನು ಎಬ್ಬಿಸಿ ಸುಮ್ಮನಾಗುತ್ತದೆ. ವೇಗದ ಕುಸಿತದಲ್ಲಿ ಅದು ತಡವಾದೀತು ನಿಜ, ಆದರೆ ಏನಾಯಿತೆಂದು ವಿಚಾರಿಸಿ ತೀರ್ಮಾನಿಸಲು ಅವಕಾಶ ಉಳಿಯುತ್ತದೆ.

ಪಾರಿವಾಳದಿಂದ ಉಪಗ್ರಹದವರೆಗಿನ ಓಟವೆಲ್ಲ ‘ದರ ಎಷ್ಟು?’ ಎಂಬ ಪ್ರಶ್ನೆಗೆ ಬೇಗ ಉತ್ತರ ಪಡೆಯಲು ನಡೆದದ್ದು. ಈಗ ಆ ಉತ್ತರ ಹಳ್ಳಿಯಲ್ಲಿ ಕುಳಿತ ನಿವೃತ್ತ ಶಿಕ್ಷಕನಿಗೂ ಸಿಗುತ್ತದೆ. ಎಚ್ಚರಿಕೆ ಗಂಟೆ ಕೇಳುವ ಪ್ರಶ್ನೆಯೇ ಬೇರೆ: ನಿಮಗೆ ಎಷ್ಟು ನಷ್ಟ ತಡೆಯಬಲ್ಲದು, ಎಷ್ಟು ಲಾಭ ಸಾಕು? ಆ ಅಂಕಿಯನ್ನು ಪೇಟೆಯಾಗಲಿ ಯಂತ್ರವಾಗಲಿ ಹೇಳಲಾರವು. ಗದ್ದಲವಿಲ್ಲದ ಹೊತ್ತಿನಲ್ಲಿ, ಮಗಳ ಮದುವೆ, ಮನೆಯ ಸಾಲ ಎಲ್ಲವನ್ನೂ ಲೆಕ್ಕ ಹಾಕಿ, ಅದನ್ನು ಉಳಿತಾಯ ಮಾಡಿದವನೇ ಬರೆಯಬೇಕು.