ಕಡಲಾಳದ ಕಿವಿ: ಡಾಲ್ಫಿನ್, ಕಡಲಹಂದಿಗಳ ಜಾಡು ಹಿಡಿಯುವ ಧ್ವನಿ ನಿಗಾ

ವಿಜಯಪುರ: ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಯ ಬಳಿ ಆಡಿದ ಮೆಲುಮಾತು ಆಚೆ ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಹಲವು ಬಾರಿ ಮರುದನಿಸುತ್ತದೆ. ಜೋರಾಪುರ ಪೇಟೆಯ ಶಾಲಾ ಮಕ್ಕಳಿಗೂ ಪರಿಚಿತವಾದ ಈ ಪ್ರತಿಧ್ವನಿಯೇ ದೂರದ ಅರಬ್ಬೀ ಸಮುದ್ರದಲ್ಲಿ ಡಾಲ್ಫಿನ್ ಮತ್ತು ಕಡಲಹಂದಿಗಳ ಬದುಕಿಗೆ ಆಧಾರ. ಅವು ಹೊರಡಿಸಿದ ಸದ್ದು ಮೀನಿಗೋ ಬಂಡೆಗೋ ಬಡಿದು ಮರಳುತ್ತದೆ. ಆ ಮರುದನಿಯನ್ನು ಆಲಿಸಿಯೇ ಅವು ದಾರಿಯನ್ನೂ ಆಹಾರವನ್ನೂ ಕಂಡುಕೊಳ್ಳುತ್ತವೆ.

ಈ ಸದ್ದನ್ನು ನೀರಿನಡಿ ಇರಿಸಿದ ಯಂತ್ರದಿಂದ ದಾಖಲಿಸಿ, ಯಾವ ಜೀವಿ ಎಲ್ಲಿ, ಯಾವಾಗ ಬಂದುಹೋಗುತ್ತದೆ ಎಂಬುದನ್ನು ಅರಿಯುವ ವಿಧಾನವೇ ಧ್ವನಿ ನಿಗಾ. ರಾಜ್ಯದ ಕರಾವಳಿಯಲ್ಲಿ ಹೊಸ ಬಂದರುಗಳ ಪ್ರಸ್ತಾವಗಳು ಮುಂದೆ ಸಾಗುತ್ತಿರುವ ಈ ಹೊತ್ತಿನಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಕಾಮಗಾರಿಗೆ ಮುನ್ನ ಕಡಲಿನಲ್ಲಿ ಏನಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಆನಂತರ ಏನು ಕಳೆದುಹೋಯಿತು ಎಂಬುದನ್ನು ಹೇಳಲಾಗದು.

ಕಣ್ಣಿಗೆ ಬೀಳದ ನೆರೆಯ ಜೀವಿ

ಕರ್ನಾಟಕದ ಕರಾವಳಿಗೆ ತೀರಾ ಸಮೀಪದಲ್ಲಿ ಬದುಕುವ ಇಂಥ ಜೀವಿಗಳು ಮುಖ್ಯವಾಗಿ ಎರಡು. ಮೊದಲನೆಯದು ಬೆನ್ನ ಮೇಲೆ ಗೂನು ಇರುವ ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್. ದಡದಂಚಿನ ಆಳವಿಲ್ಲದ ನೀರು, ನದಿಗಳು ಕಡಲು ಸೇರುವ ಅಳಿವೆಗಳು ಇದರ ನೆಲೆ. ಕಾರವಾರದಲ್ಲಿ ದೋಣಿ ಏರುವ ಪ್ರವಾಸಿಗರು ಕಾಣುವುದು ಸಾಮಾನ್ಯವಾಗಿ ಇದನ್ನೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಜೀವಿಯಾಗಿ ದಾಖಲಾಗಿದೆ.

ಎರಡನೆಯದು ಬೆನ್ನುರೆಕ್ಕೆಯೇ ಇಲ್ಲದ ಕಡಲಹಂದಿ, ಅಂದರೆ ಫಿನ್‌ಲೆಸ್ ಪಾರ್ಪಾಯ್ಸ್. ಬೂದು ಮೈಯ ಈ ಪುಟ್ಟ ಜೀವಿಯ ಉದ್ದ ಎರಡು ಮೀಟರಿನೊಳಗೆ. ಡಾಲ್ಫಿನ್‌ನಂತೆ ಇದು ನೀರಿನಿಂದ ಮೇಲಕ್ಕೆ ಚಿಮ್ಮುವುದು ಅಪರೂಪ. ಸಣ್ಣ ಗುಂಪುಗಳಲ್ಲಿ ಸಂಚರಿಸಿ, ಉಸಿರಿಗಾಗಿ ಕ್ಷಣಮಾತ್ರ ಮೇಲೆ ಬಂದು ಮರೆಯಾಗುತ್ತದೆ. ತುಸು ಅಲೆಯೆದ್ದರೂ ದೋಣಿಯಲ್ಲಿ ನಿಂತ ನುರಿತ ವೀಕ್ಷಕರ ಕಣ್ಣಿಗೂ ಬೀಳದು. ಹೀಗಾಗಿ ಗಿಲ್‌ನೆಟ್ ಬಲೆಗೆ ಸಿಲುಕಿದ ಅಥವಾ ದಡಕ್ಕೆ ಬಂದು ಬಿದ್ದ ಕಳೇಬರಗಳೇ ಈ ಜೀವಿಯ ಇರವಿಗೆ ಮುಖ್ಯ ಸಾಕ್ಷ್ಯ ಒದಗಿಸಿವೆ. ಎರಡೂ ಜೀವಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ಆದರೆ ಎಲ್ಲಿವೆ, ಎಷ್ಟಿವೆ ಎಂದು ತಿಳಿಯದೆ ಕಾನೂನಿನ ರಕ್ಷಣೆ ನೀರಿಗಿಳಿಯುವುದು ಕಷ್ಟ.

ಸದ್ದಿನ ಗುರುತು

ಕಡಲ ನೀರಿನಲ್ಲಿ ಬೆಳಕು ಬಹುದೂರ ಸಾಗದು. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿನ ವೇಗಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚಿನ ವೇಗದಲ್ಲಿ ಚಲಿಸುತ್ತದೆ. ಡಾಲ್ಫಿನ್‌ಗಳು ಎರಡು ಬಗೆಯ ಸದ್ದು ಮಾಡುತ್ತವೆ. ಪರಸ್ಪರ ಸಂಪರ್ಕಕ್ಕೆ ಸಿಳ್ಳೆ ಹಾಕುತ್ತವೆ. ಬೇಟೆಗೂ ದಾರಿಗೂ ಕ್ಷಣಾರ್ಧಕ್ಕಿಂತ ಕಿರಿದಾದ 'ಕ್ಲಿಕ್' ಸದ್ದುಗಳನ್ನು ಸಾಲುಸಾಲಾಗಿ ಹೊಮ್ಮಿಸುತ್ತವೆ. ಕಡಲಹಂದಿಗಳು ಸಿಳ್ಳೆ ಹಾಕುವುದಿಲ್ಲ. ಅವುಗಳ ಕ್ಲಿಕ್ ಸದ್ದಿನ ಮುಖ್ಯ ಶಕ್ತಿ 125ರಿಂದ 145 ಕಿಲೋಹರ್ಟ್ಝ್ ಆಸುಪಾಸಿನ ಕಿರಿದಾದ ಪಟ್ಟಿಯಲ್ಲಿ ಇರುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಝ್. ದೋಣಿಯ ಕೆಳಗೇ ಕಡಲಹಂದಿ ಸದ್ದು ಮಾಡಿದರೂ ಮೀನುಗಾರನಿಗೆ ಕೇಳಿಸದು.

ಈ ಕಿರಿದಾದ ಪಟ್ಟಿಯೇ ಸಂಶೋಧಕರಿಗೆ ಗುರುತಿನ ಚೀಟಿ. ಡಾಲ್ಫಿನ್‌ನ ಕ್ಲಿಕ್ ವಿಶಾಲ ಕಂಪನ ವ್ಯಾಪ್ತಿಯಲ್ಲಿ ಹರಡಿಕೊಂಡಿರುವುದರಿಂದ ಎರಡನ್ನೂ ಗಣಕಯಂತ್ರವೇ ಬೇರ್ಪಡಿಸಬಲ್ಲದು.

ಯಂತ್ರದ ಕಾರ್ಯವಿಧಾನ

ನೀರಿನೊಳಗಿನ ಮೈಕ್ರೊಫೋನ್‌ಗೆ ಹೈಡ್ರೋಫೋನ್ ಎಂದು ಹೆಸರು. ಸದ್ದಿನ ಒತ್ತಡ ತಾಗಿದಾಗ ವಿದ್ಯುತ್ ಸಂಕೇತ ಹುಟ್ಟಿಸುವ ಪಿಂಗಾಣಿ ತುಣುಕು ಇದರ ಜೀವಾಳ. ಇದನ್ನು ಬ್ಯಾಟರಿ ಮತ್ತು ಮೆಮರಿ ಕಾರ್ಡಿನೊಂದಿಗೆ ನೀರು ನುಗ್ಗದ ಕೊಳವೆಯಲ್ಲಿ ಭದ್ರಪಡಿಸಿ, ಲಂಗರು ಕಟ್ಟಿ ಕಡಲಿಗೆ ಇಳಿಸುತ್ತಾರೆ. ಕೆಲವು ವಾರ ಅಥವಾ ತಿಂಗಳುಗಳ ಬಳಿಕ ಮೇಲೆತ್ತಿ ದಾಖಲೆಯನ್ನು ಪರಿಶೀಲಿಸುತ್ತಾರೆ.

ದಾಖಲೆಯ ಗಾತ್ರ ಒಂದು ಸಮಸ್ಯೆ. ಕಡಲಹಂದಿಯ ಸದ್ದು ಹಿಡಿಯಲು ಸೆಕೆಂಡಿಗೆ ಸುಮಾರು ಮೂರು ಲಕ್ಷಕ್ಕೂ ಹೆಚ್ಚು ಬಾರಿ ಅಳತೆ ತೆಗೆಯಬೇಕು. ಸೆಕೆಂಡಿಗೆ 3,84,000 ಅಳತೆಗಳ ಲೆಕ್ಕದಲ್ಲಿ ಬಿಡುವಿಲ್ಲದೆ ದಾಖಲಿಸಿದರೆ ಒಂದೇ ದಿನಕ್ಕೆ 66 ಗಿಗಾಬೈಟ್ ತುಂಬುತ್ತದೆ. ಇದಕ್ಕೆ ಪರಿಹಾರವಾಗಿ ಬ್ರಿಟನ್ನಿನಲ್ಲಿ ರೂಪುಗೊಂಡ ಸಿ-ಪಾಡ್‌ನಂಥ ಉಪಕರಣಗಳು ಇಡೀ ಸದ್ದನ್ನು ಉಳಿಸಿಕೊಳ್ಳದೆ, ಪ್ರತಿ ಕ್ಲಿಕ್‌ನ ಸಮಯ, ಕಂಪನಾಂಕ ಮತ್ತು ಅವಧಿಯನ್ನಷ್ಟೇ ಬರೆದಿಡುತ್ತವೆ. ಇರುಳು, ಮಂಜು, ಮಳೆ ಯಾವುದೂ ಈ ಕೆಲಸಕ್ಕೆ ಅಡ್ಡಿಯಲ್ಲ.

ಬಾಲ್ಟಿಕ್ ಮತ್ತು ಮೆಕ್ಸಿಕೊ ಪಾಠ

ಈ ವಿಧಾನದ ಅತಿದೊಡ್ಡ ಪ್ರಯೋಗಗಳಲ್ಲೊಂದು ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿ 2011ರಿಂದ 2013ರವರೆಗೆ ನಡೆಯಿತು. ಎಂಟು ದೇಶಗಳು ಒಗ್ಗೂಡಿ 304 ಸ್ಥಳಗಳಲ್ಲಿ ಉಪಕರಣ ಇಳಿಸಿದವು. ಬಾಲ್ಟಿಕ್‌ನ ಮುಖ್ಯ ಭಾಗದಲ್ಲಿ ಉಳಿದಿರುವ ಕಡಲಹಂದಿಗಳು ಸುಮಾರು 500 ಮಾತ್ರ ಎಂದು ಆಗ ಅಂದಾಜಾಯಿತು. ಬೇಸಿಗೆಯಲ್ಲಿ ಅವು ಸ್ವೀಡನ್ ದಕ್ಷಿಣದ ಮರಳು ದಿಬ್ಬಗಳ ಬಳಿ ಸೇರುತ್ತವೆ ಎಂಬುದೂ ತಿಳಿಯಿತು. 2016ರಲ್ಲಿ ಸ್ವೀಡನ್ ಆ ಪ್ರದೇಶವನ್ನು ಸಂರಕ್ಷಿತ ತಾಣವಾಗಿ ಘೋಷಿಸಿತು.

ಮೆಕ್ಸಿಕೊದ ಕಥೆ ಬೇರೆ. ಕ್ಯಾಲಿಫೋರ್ನಿಯಾ ಕೊಲ್ಲಿಯ ಪುಟ್ಟ ಕಡಲಹಂದಿ ವಾಕಿಟಾ ಜಗತ್ತಿನ ಬೇರೆಲ್ಲಿಯೂ ಇಲ್ಲ. 2011ರಿಂದ ಅಲ್ಲಿನ 46 ಸ್ಥಳಗಳಲ್ಲಿ ಪ್ರತಿ ವರ್ಷ ಸದ್ದು ದಾಖಲಿಸಲಾಯಿತು. ಐದೇ ವರ್ಷಗಳಲ್ಲಿ ಶೇ. 90ರಷ್ಟು ಕುಸಿತ ಕಂಡುಬಂತು. ಟೊಟೊವಾಬಾ ಮೀನಿಗಾಗಿ ಒಡ್ಡಿದ ಗಿಲ್‌ನೆಟ್‌ಗಳು ಇದಕ್ಕೆ ಕಾರಣ. ಇಂದು ಉಳಿದಿರುವುದು ಹತ್ತರ ಆಸುಪಾಸು. ಯಂತ್ರ ಅಪಾಯವನ್ನು ಸಕಾಲಕ್ಕೆ ಸಾರಿತು. ಬಲೆಗಳನ್ನು ತಡೆಯುವ ಕೆಲಸ ಹಿಂದೆ ಬಿತ್ತು.

ಬಂದರು ಕಾಮಗಾರಿಗೆ ನೇರವಾಗಿ ಅನ್ವಯಿಸುವ ಉದಾಹರಣೆ ಡೆನ್ಮಾರ್ಕಿನದು. ಅಲ್ಲಿ 2008ರಲ್ಲಿ ಹಾರ್ನ್ಸ್ ರೆವ್ ಪವನ ವಿದ್ಯುತ್ ಯೋಜನೆಯ ಎರಡನೆಯ ಘಟಕಕ್ಕಾಗಿ ಕಡಲ ತಳಕ್ಕೆ ಉಕ್ಕಿನ ಕಂಬಗಳನ್ನು ಬಡಿದಾಗ, ಸುಮಾರು 18 ಕಿ.ಮೀ. ದೂರದವರೆಗೂ ಕಡಲಹಂದಿಗಳ ಸದ್ದು ಕಡಿಮೆಯಾಯಿತು. ಕಾಮಗಾರಿಗೆ ಮುನ್ನವೇ ಉಪಕರಣ ಇಳಿಸಿದ್ದರಿಂದ ಈ ಹೋಲಿಕೆ ಸಾಧ್ಯವಾಯಿತು.

ಭಾರತದಲ್ಲಿ

ನಮ್ಮ ದೇಶದಲ್ಲಿಯೂ ಈ ಅಧ್ಯಯನ ಬೇರೂರುತ್ತಿದೆ. ನೆರೆಯ ಮಹಾರಾಷ್ಟ್ರದ ಕಡಲಿನಲ್ಲಿ ಇಶಾ ಬೋಪರ್ಡಿಕರ್, ದೀಪಾನಿ ಸುತಾರಿಯಾ ಮತ್ತು ಸಂಗಡಿಗರು ಹಂಪ್‌ಬ್ಯಾಕ್ ಡಾಲ್ಫಿನ್‌ಗಳ ಸಿಳ್ಳೆಗಳನ್ನು ದಾಖಲಿಸಿ, ಅವುಗಳ ವರ್ಗೀಕರಣವನ್ನು 2018ರಲ್ಲಿ ಪ್ರಕಟಿಸಿದರು. ಲಕ್ಷದ್ವೀಪದ ಕವರತ್ತಿ ಬಳಿ ಇರಿಸಿದ ಉಪಕರಣಗಳಲ್ಲಿ ನೀಲಿ ತಿಮಿಂಗಿಲದ ಹಾಡು ದಾಖಲಾದದ್ದನ್ನು ದಿವ್ಯಾ ಪಣಿಕ್ಕರ್ ಮತ್ತು ಕ್ಯಾಥ್ಲೀನ್ ಸ್ಟ್ಯಾಫರ್ಡ್ 2021ರಲ್ಲಿ ವರದಿ ಮಾಡಿದರು.

ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳೂ ಪಾಲ್ಗೊಂಡಿದ್ದ ಇನ್ನೊಂದು ಅಧ್ಯಯನ 2019ರಲ್ಲಿ ಬೆಳಕು ಕಂಡಿತು. ಮಯೂಖ್ ಡೇ, ಜಗದೀಶ್ ಕೃಷ್ಣಸ್ವಾಮಿ, ನಚಿಕೇತ್ ಕೇಳ್ಕರ್ ಮೊದಲಾದವರು ಬಿಹಾರದ ಗಂಗಾನದಿಯಲ್ಲಿ ಹಡಗುಗಳ ಸದ್ದು ಡಾಲ್ಫಿನ್‌ಗಳ ಮೇಲೆ ಬೀರುವ ಪರಿಣಾಮವನ್ನು ಪರಿಶೀಲಿಸಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಡಗುಗಳ ಸದ್ದು ಅವುಗಳ ಸಂಜ್ಞೆಗಳನ್ನು ಮುಚ್ಚಿಹಾಕುತ್ತದೆ. ಅದನ್ನು ಮೀರಿ ಸದ್ದು ಮಾಡಲು ಅವು ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ ಎಂಬುದು ಅದರ ಸಾರ. ಆಳವಿಲ್ಲದ ಅಳಿವೆಗಳಲ್ಲಿ ದೋಣಿಗಳ ಓಡಾಟ ಹೆಚ್ಚಿರುವ ಉತ್ತರ ಕನ್ನಡಕ್ಕೂ ಈ ಎಚ್ಚರಿಕೆ ಪ್ರಸ್ತುತ.

ಮಿತಿಗಳು

ಈ ವಿಧಾನ ಪರಿಪೂರ್ಣವಲ್ಲ. ಅಧಿಕ ಕಂಪನದ ಸದ್ದನ್ನು ನೀರು ಬೇಗ ಹೀರಿಕೊಳ್ಳುವುದರಿಂದ ಕಡಲಹಂದಿ ಕೆಲವು ನೂರು ಮೀಟರ್ ಒಳಗೆ ಬಂದರಷ್ಟೇ ಯಂತ್ರಕ್ಕೆ ಕೇಳಿಸುತ್ತದೆ. ಸದ್ದು ಟಾರ್ಚ್ ಬೆಳಕಿನಂತೆ ಅದರ ಮುಂದಕ್ಕೆ ಮಾತ್ರ ಹೊಮ್ಮುತ್ತದೆ. ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ದಾಖಲಾಗದೆ ಹೋಗಬಹುದು. ಕ್ಲಿಕ್‌ಗಳ ಸಂಖ್ಯೆ ಜೀವಿಗಳ ಸಂಖ್ಯೆಯಲ್ಲ. ಒಂದೇ ಜೀವಿ ಕ್ಷಣದಲ್ಲಿ ಹಲವು ಕ್ಲಿಕ್ ಹೊಮ್ಮಿಸುತ್ತದೆ, ಹತ್ತು ಜೀವಿಗಳು ಮೌನವಾಗಿಯೂ ಹಾದುಹೋಗಬಹುದು. ಬಂಡೆಗಳ ಬಳಿ ಒಂದು ಜಾತಿಯ ಸೀಗಡಿಗಳು ಕೊಂಡಿಯನ್ನು ಚಿಟಿಕೆಯಂತೆ ಬಡಿದು ಎಬ್ಬಿಸುವ ಚಟಪಟ ಸದ್ದೂ ದಾಖಲೆಯಲ್ಲಿ ಬೆರೆಯುತ್ತದೆ. ಆದ್ದರಿಂದ ದೋಣಿ ಸಮೀಕ್ಷೆಯೊಂದಿಗೆ ಸೇರಿಸಿ ಬಳಸುವುದು ವಾಡಿಕೆ.

ನಮ್ಮ ಕಡಲಿನಲ್ಲಿ ಇನ್ನೊಂದು ತೊಡಕಿದೆ. ಕಡಲ ತಳವನ್ನು ಗುಡಿಸಿಕೊಂಡು ಸಾಗುವ ಟ್ರಾಲ್ ಬಲೆಗಳು ಉಪಕರಣವನ್ನೂ ಎಳೆದೊಯ್ಯಬಲ್ಲವು. ಎಲ್ಲಿ ಬಲೆ ಎಳೆಯುತ್ತಾರೆ, ಎಲ್ಲಿ ಕಲ್ಲುಗಳಿವೆ ಎಂಬುದನ್ನು ಬಲ್ಲ ಮೀನುಗಾರರ ಸಹಕಾರವಿಲ್ಲದೆ ಇಲ್ಲಿ ಧ್ವನಿ ನಿಗಾ ನಡೆಯದು. ನೌಕಾನೆಲೆ ಇರುವ ಕಾರವಾರದ ಸುತ್ತ ನೀರೊಳಗಿನ ಧ್ವನಿಗ್ರಹಣ ಸೂಕ್ಷ್ಮ ವಿಷಯವೂ ಹೌದು.

ಕರ್ನಾಟಕದ ಮುಂದಿರುವುದು

ಮಂಗಳೂರಿನ ದೊಡ್ಡ ಬಂದರು 1970ರ ದಶಕದಿಂದಲೂ ಕಾರ್ಯನಿರತವಾಗಿದೆ. ಆ ಬಂದರಿಗೆ ಮುನ್ನ ಅಲ್ಲಿನ ಕಡಲಿನಡಿ ಎಂಥ ಸದ್ದಿತ್ತು ಎಂಬುದನ್ನು ಇನ್ನು ಅರಿಯುವಂತಿಲ್ಲ. ಅಂಕೋಲಾ ತಾಲ್ಲೂಕಿನ ಕೇಣಿಯ ವಿಷಯ ಹಾಗಲ್ಲ. ಅಲ್ಲಿನ ಹೊಸ ಬಂದರಿನ ಗುತ್ತಿಗೆ 2023ರಲ್ಲಿ ನಿಗದಿಯಾಯಿತು; 2025ರಲ್ಲಿ ಸ್ಥಳೀಯ ಮೀನುಗಾರರು ಯೋಜನೆಯ ವಿರುದ್ಧ ಬೀದಿಗಿಳಿದರು. ಬಂದರು ಬರಲಿ, ಬಾರದಿರಲಿ, ಇಂಥ ತೀರಗಳ ಸದ್ದನ್ನು ಮೊದಲೇ ದಾಖಲಿಸಿಟ್ಟರೆ ಮುಂದಿನ ವಾದ ಊಹೆಯನ್ನು ಬಿಟ್ಟು ಸಾಕ್ಷ್ಯವನ್ನು ಆಧರಿಸೀತು.

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಈ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿಯೇ ಉಳಿಯುತ್ತವೆ. ಮಳೆಗಾಲದ ಅಬ್ಬರವನ್ನು ತಾಳುವ ಲಂಗರು ಕಟ್ಟಲು ಸಾಧ್ಯವಾದರೆ, ಎಂಜಿನ್ ಸದ್ದು ತಗ್ಗಿದ ಕಡಲಿಗೂ ಉಳಿದ ಹತ್ತು ತಿಂಗಳ ಕಡಲಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಅಳೆಯಬಹುದು. ಅಂಥ ಅವಕಾಶ ಪ್ರತಿ ವರ್ಷವೂ ತಾನಾಗಿ ಒದಗಿಬರುತ್ತಿದೆ.