ಬೆಟ್ಟ ಅಳತೆಯದು, ಮೋಡ ನಮ್ಮದು

ಹೊಸೂರಿನಿಂದ ಕೃಷ್ಣಗಿರಿ ಕಡೆಗೆ ಇಳಿಯುವಾಗ ಸಿಗುವ ಬೋಳುಬಂಡೆಯ ಬೆಟ್ಟಗಳನ್ನು ನಾವೆಲ್ಲ ನೋಡಿದ್ದೇವೆ. ಇನ್ನೂರು ವರ್ಷಗಳಿಗೂ ಹಿಂದೆಯೇ ಇವುಗಳ ಚಿತ್ರ ಬರೆದವರಿದ್ದಾರೆ. ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ 1792ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟರು. ಹಿಂದಿನ ತಿಂಗಳಷ್ಟೇ ಶ್ರೀರಂಗಪಟ್ಟಣದ ಒಪ್ಪಂದವಾಗಿ ಬಾರಾಮಹಲ್ ಸೀಮೆ ಟಿಪ್ಪುವಿನಿಂದ ಕಂಪನಿಯ ಪಾಲಾಗಿತ್ತು. ಹೊಸೂರು ಮಾತ್ರ 1799ರವರೆಗೆ ಮೈಸೂರಿನಲ್ಲೇ ಉಳಿಯಿತು. ಡೇನಿಯಲ್ಲರ ಹೊಸೂರು ಚಿತ್ರದ ಶೀರ್ಷಿಕೆಯೂ ಅದನ್ನು ಮೈಸೂರು ಸೀಮೆಯ ಊರೆಂದೇ ಕರೆಯುತ್ತದೆ.

ಅವರ ಬಳಿ ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಪೆಟ್ಟಿಗೆಯಿತ್ತು. ಮಸೂರದ ಮೂಲಕ ಕಾಗದದ ಮೇಲೆ ಬೀಳುವ ಬಿಂಬದ ಗೆರೆ ಎಳೆದರೆ ಬೆಟ್ಟದ ಆಕಾರ ತಪ್ಪುವುದಿಲ್ಲ. ಆದರೆ ಮೋಡ ನಿಲ್ಲುತ್ತದೆಯೇ? ಗೆರೆ ಮುಗಿಯುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತದೆ. ಮುಂದೆ ಲಂಡನ್ನಿನಲ್ಲಿ 1795ರಿಂದ 1808ರವರೆಗೆ 144 ಚಿತ್ರಗಳು ಅಕ್ವಾಟಿಂಟ್ ವಿಧಾನದಲ್ಲಿ ಅಚ್ಚಾದವು. ತಾಮ್ರದ ತಗಡನ್ನು ಆಮ್ಲದಲ್ಲಿ ಹೆಚ್ಚು ಹೊತ್ತು ಇಟ್ಟಷ್ಟೂ ಬಣ್ಣ ಗಾಢ. ವಾರ್ನಿಷ್ ಬಳಿದು ಮುಚ್ಚಿದ ಜಾಗ ಬಿಳಿ. ಬಿಳಿ ಮೋಡ ಹುಟ್ಟುತ್ತಿದ್ದುದು ಹೀಗೆ.

ಅದೇ ಕಾಲದಲ್ಲಿ, 1802ರಲ್ಲಿ, ಲಂಡನ್ನಿನ ಲ್ಯೂಕ್ ಹೊವಾರ್ಡ್ ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂಬ ಹೆಸರಿಟ್ಟರು. ಟೆರಾಜೆನ್‌ನಂಥ ಭೂದೃಶ್ಯ ತಂತ್ರಾಂಶಗಳಲ್ಲಿ ಇಂದಿಗೂ ಕಾಣುವುದು ಇವೇ ಹೆಸರುಗಳು. ಅಲ್ಲಿ ಮೋಡ ಹುಟ್ಟಿಸುವುದು ಗಣಿತ. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ವಿಧಾನ ಈ ಬಗೆಯ ಲೆಕ್ಕಕ್ಕೆ ದಾರಿ ತೋರಿತು. ದೊಡ್ಡ ಅಲೆಯ ಮೇಲೆ ಚಿಕ್ಕ ಅಲೆ, ಅದರ ಮೇಲೆ ಇನ್ನೂ ಚಿಕ್ಕದು ಸೇರಿಸುತ್ತ ಹೋದರೆ ಮೋಡದ ರೂಪ ಬರುತ್ತದೆ. ಸಾಂದ್ರತೆ ಏರಿಸಿದರೆ ಆಕಾಶ ಕವಿಯುತ್ತದೆ, ಕಾಂಟ್ರಾಸ್ಟ್ ಏರಿಸಿದರೆ ಮೋಡದ ಅಂಚು ಚೂಪಾಗುತ್ತದೆ.

ಮೋಡದ ಎತ್ತರ ಕೊಡುವಾಗ ಮಕ್ಕಳು ಒಂದು ವಿಷಯ ನೆನಪಿಡಬೇಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕೃಷ್ಣಗಿರಿ ಅದಕ್ಕಿಂತ ಬಹಳ ಕೆಳಗೆ. ಸಮುದ್ರಮಟ್ಟದಿಂದ 1500 ಮೀಟರ್ ಎಂದು ಕೊಟ್ಟ ಮೋಡ ಹೊಸೂರಿನವರಿಗೆ ತಲೆಯ ಮೇಲೆ 600 ಮೀಟರ್ ಅಷ್ಟೇ!

2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರೇಡಾರಿನಿಂದ ಭೂಮಿಯ ಬಹುಭಾಗದ ಏರುತಗ್ಗು ಅಳೆಯಿತು. ರಾಯಕೋಟೆ ಬೆಟ್ಟವನ್ನು ಆ ಅಳತೆಯಿಂದಲೇ ಕಂಪ್ಯೂಟರಿನಲ್ಲಿ ಎಬ್ಬಿಸಬಹುದು. ಮೋಡವನ್ನು ಮಾತ್ರ ನಾವೇ ಆರಿಸಬೇಕು. ಡೇನಿಯಲ್ಲರ ಪಾಡೂ ಅದೇ ಆಗಿತ್ತು ನೋಡಿ.

ಪಾಠದಲ್ಲಿ ಹಳೆಯ ಚಿತ್ರ ಬಂದಾಗ ನಾವು ಅದನ್ನು ಇಡಿಯಾಗಿ ಸಾಕ್ಷಿ ಎಂದು ಒಪ್ಪಿಬಿಡುತ್ತೇವೆ. ಗಡಿಯ ಊರಿನವರಾದ ನಮಗೆ ಇದು ಸಲ್ಲದು. ನಮ್ಮೂರಿನ ಚಿತ್ರವನ್ನೂ ಹೆಸರನ್ನೂ ಎಷ್ಟೋ ಸಲ ಬೇರೆಯವರೇ ಬರೆದಿದ್ದಾರೆ. ಬೆಟ್ಟದ ಗೆರೆ ಏನು ಹೇಳುತ್ತದೆ, ಶೀರ್ಷಿಕೆ ಏನು ಹೇಳುತ್ತದೆ, ಮೋಡ ಯಾರ ಆಯ್ಕೆ ಎಂದು ಬೇರೆ ಬೇರೆಯಾಗಿ ಕೇಳೋಣ. ಒಂದೇ ಬೆಟ್ಟಕ್ಕೆ ಎರಡು ಬಗೆಯ ಮೋಡ ಹಾಕಿ ತೋರಿಸಿದರೆ ಐದನೇ ತರಗತಿಯ ಮಗುವಿಗೂ ಇದು ಅರ್ಥವಾದೀತು.