ಹಂಪಿಯ ತುಂಗಭದ್ರಾ ದಂಡೆಯಲ್ಲಿ ಒಂದು ದಿನದ ಏಕಾಂಗಿ ಕಾಲ್ನಡಿಗೆ: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ
1336ರಿಂದ 1565ರವರೆಗೆ ವಿಜಯನಗರ ಸಾಮ್ರಾಜ್ಯದ ರಾಜಧಾನಿಯಿದ್ದ ಪ್ರದೇಶವೇ ಇಂದಿನ ಹಂಪಿ. ಇಲ್ಲಿನ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. 2021ರಿಂದ ಹಂಪಿಯು ವಿಜಯನಗರ ಜಿಲ್ಲೆಗೆ ಸೇರಿರುತ್ತದೆ. ಸುತ್ತಲಿನದು ಮಳೆ ಕಡಿಮೆ ಇರುವ ಬಂಡೆಗಳ ನಾಡು. ನದಿಯ ದಂಡೆಯನ್ನು ಬಿಟ್ಟರೆ ನೆರಳು ವಿರಳ.

ಮಾರ್ಗದ ವಿವರ
1. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನಿಂದ ಪೂರ್ವಕ್ಕೆ ಏಕಶಿಲಾ ನಂದಿಯವರೆಗೆ.
2. ಅಲ್ಲಿಂದ ನದಿಯ ಪಕ್ಕದ ಕಾಲುದಾರಿಯಲ್ಲಿ ಚಕ್ರತೀರ್ಥ ಹಾಗೂ ಕೋದಂಡರಾಮ ದೇವಾಲಯ. ದಕ್ಷಿಣಕ್ಕೆ ಅಚ್ಯುತರಾಯ ದೇವಾಲಯ.
3. ಮುಂದೆ ಪುರಂದರ ಮಂಟಪ, ಹಳೆಯ ಸೇತುವೆಯ ಕಲ್ಲುಕಂಬಗಳು, ತುಲಾಭಾರ ಮಂಟಪ ಹಾಗೂ ಕಲ್ಲಿನ ರಥವಿರುವ ವಿಠ್ಠಲ ದೇವಾಲಯ.
4. ತಳವಾರಘಟ್ಟದಲ್ಲಿ ಹರಿಗೋಲಿನಿಂದ ನದಿ ದಾಟಿದಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ.

ಅನುಮತಿ ಮತ್ತು ಶುಲ್ಕ
ದಂಡೆಯ ಕಾಲುದಾರಿಯಲ್ಲಿ ಹಗಲಿನಲ್ಲಿ ನಡೆಯಲು ಪೂರ್ವಾನುಮತಿ ಬೇಕಿಲ್ಲ. ವಿಠ್ಠಲ ದೇವಾಲಯಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪ್ರವೇಶ ಚೀಟಿ ಪಡೆಯತಕ್ಕದ್ದು. ಅದೇ ಚೀಟಿಯು ಅದೇ ದಿನ ಕಮಲ ಮಹಲಿರುವ ಜನಾನಾ ಆವರಣಕ್ಕೂ ಅನ್ವಯಿಸುವುದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿರುವುದಿಲ್ಲ. ಸ್ಮಾರಕಗಳಲ್ಲಿ ರಾತ್ರಿ ತಂಗಲು, ಅಡುಗೆ ಮಾಡಲು ಅವಕಾಶವಿಲ್ಲ.

ನೀರಿನ ಮಟ್ಟದ ಬಗ್ಗೆ ವಿಶೇಷ ಸೂಚನೆ
ಹೊಸಪೇಟೆ ಸಮೀಪದ ತುಂಗಭದ್ರಾ ಅಣೆಕಟ್ಟೆಯು ಹಂಪಿಗಿಂತ ಮೇಲ್ಭಾಗದಲ್ಲಿದೆ. ಆದ್ದರಿಂದ ಹಂಪಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ನದಿಯ ಮಟ್ಟ ಏರಬಹುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ನೀರು ನದಿಗೆ ನುಗ್ಗಿತು; ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ. ಮಂಟಪದ ಬುಡಕ್ಕೆ ನೀರು ತಲುಪಿದ್ದು ಕಂಡುಬಂದಲ್ಲಿ ಮುಂದುವರಿಯದೆ ಎತ್ತರದ ದಾರಿಗೆ ಹಿಂದಿರುಗತಕ್ಕದ್ದು. ಬಂಡೆಗಳ ನಡುವೆ ಸುಳಿಗಳಿರುವ ಕಾರಣ ಈಜಬಾರದು. ಪ್ರವಾಹದ ವೇಳೆ ಹರಿಗೋಲು ನಿಲ್ಲುತ್ತದೆ. ಅಂತಹ ಸಂದರ್ಭದಲ್ಲಿ ನದಿ ದಾಟಲು ಯತ್ನಿಸಬಾರದು.

ಒಂಟಿಯಾಗಿ ತೆರಳುವವರು ಗಮನಿಸಬೇಕಾದ ಅಂಶಗಳು
ಅ) ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಹೊರಟು, ನಡುಹಗಲಿನಲ್ಲಿ ಮಂಟಪಗಳ ನೆರಳಿನಲ್ಲಿ ವಿಶ್ರಮಿಸುವುದು.
ಆ) ಕನಿಷ್ಠ 3 ಲೀಟರ್ ಕುಡಿಯುವ ನೀರು, ಟೋಪಿ, ಜಾರದ ಪಾದರಕ್ಷೆ ಹಾಗೂ ಟಾರ್ಚ್ ಒಯ್ಯುವುದು. ನದಿಯ ನೀರನ್ನು ನೇರವಾಗಿ ಕುಡಿಯಬಾರದು.
ಇ) ಹೋಗುವ ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ತಂಗಿರುವ ಸ್ಥಳದಲ್ಲಿ ಬರೆದಿಟ್ಟು ಹೋಗುವುದು. ಒಂಟಿಯಾಗಿ ಜಾರಿಬಿದ್ದವರನ್ನು ಹುಡುಕಲು ಇದೊಂದೇ ಸುಳಿವಾಗಬಹುದು.
ಈ) ಸೂರ್ಯಾಸ್ತಕ್ಕೆ ಮುನ್ನ ದಂಡೆ ಬಿಡುವುದು.
ಉ) ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ ಹತ್ತಿರದ ಸ್ಮಾರಕದ ಹೆಸರು ತಿಳಿಸುವುದು.

ಸ್ಮಾರಕಗಳ ರಕ್ಷಣೆ
ಕಂಬಗಳನ್ನು ಹತ್ತುವುದು, ಹೆಸರು ಕೆತ್ತುವುದು ಮುಂತಾದವುಗಳನ್ನು ನಿಷೇಧಿಸಲಾಗಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದಲ್ಲಿ 1958ರ ಕಾಯ್ದೆ ಹಾಗೂ ಅದರ 2010ರ ತಿದ್ದುಪಡಿಯನ್ವಯ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸಾರ್ವಜನಿಕರು ತಮ್ಮ ಸುರಕ್ಷತೆಯ ಜೊತೆಗೆ ಈ ಪರಂಪರೆಯನ್ನೂ ಕಾಪಾಡಿ ಸಹಕರಿಸಲು ಕೋರಲಾಗಿದೆ.